ನಡುದಾರಿಯ ಡಿಗ್ರಿ

ಹೊಸೂರು ರಸ್ತೆಗುಂಟ ಹೆಸರು ಮಾಡಿದ ಕೆಲವು ವಿದ್ಯಾಸಂಸ್ಥೆಗಳು ಡಿಗ್ರಿ ಕೊಡುವ ಅಧಿಕಾರವೇ ಇಲ್ಲದೆ ಪಾಠ ಶುರು ಮಾಡಿದವು. ಲಕ್ಕಸಂದ್ರದ ನಿಮ್ಹಾನ್ಸ್ ಹಾಗೆ, ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ ಹಾಗೆ, ಅಲ್ಲೇ ಇರುವ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆ ಐಬ್ಯಾಬ್ ಕೂಡ ಹಾಗೆಯೇ. ಮೊದಲು ಪಾಠ, ಆಮೇಲೆ ಒಂದು ಡಿಪ್ಲೊಮಾ. ಡಿಗ್ರಿ ಬೇಕೆಂದರೆ ಯಾವುದಾದರೂ ವಿಶ್ವವಿದ್ಯಾಲಯದ ಬಾಗಿಲಿಗೆ ಹೋಗಬೇಕು, ಇಲ್ಲವೇ ಸರ್ಕಾರದ ಗೆಜೆಟ್ ಬರುವವರೆಗೆ ಕಾಯಬೇಕು. ನಾನು ನಗರದ ಒಂದು ಸಂಶೋಧನಾ ಸಂಸ್ಥೆಯ ಅಕಾಡೆಮಿಕ್ ಸೆಕ್ಷನ್ನಿನಲ್ಲಿ ದುಡಿದು ನಿವೃತ್ತಳಾದವಳು. ಈಗ ಹೆಬ್ಬಗೋಡಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಪಿಎಚ್‌ಡಿಗೆಂದು ಸೇರಿದ ಮಕ್ಕಳ ಫೈಲು ತೆರೆಯುವುದು, ಕ್ರೆಡಿಟ್ ಲೆಕ್ಕ ಹಾಕುವುದು, ನೋ ಡ್ಯೂಸ್ ಕಾಗದಕ್ಕೆ ಸಹಿ ಹಾಕಿಸುವುದು, ಘಟಿಕೋತ್ಸವದ ಹಿಂದಿನ ರಾತ್ರಿ ಸರ್ಟಿಫಿಕೇಟಿನಲ್ಲಿ ಹೆಸರಿನ ಕಾಗುಣಿತ ನೋಡುವುದು, ಇವೇ ನನ್ನ ಕೆಲಸಗಳು. ಆ ಫೈಲುಗಳಲ್ಲಿ ಎಲ್ಲರ ಕಣ್ಣೂ ಕೊನೆಯ ಹಾಳೆಯ ಮೇಲೆ. ನನಗೆ ಮಾತ್ರ ನಡುವಿನಲ್ಲಿ ಸೇರಿಕೊಂಡಿರುವ ಮಾಸ್ಟರ್ಸ್ ಡಿಗ್ರಿಯ ಕಾಗದದ ಮೇಲೆ ಪ್ರೀತಿ. ಅದಕ್ಕೊಂದು ಇತಿಹಾಸವಿದೆ, ಅದನ್ನು ಯಾರೂ ಬರೆಯುವುದಿಲ್ಲ.

ಮೊದಲು ಅದು ಏನೆಂದು ಹೇಳಿಬಿಡುತ್ತೇನೆ. ಬಿಎಸ್ಸಿ ಮುಗಿಸಿದ ಹುಡುಗ ಅಥವಾ ಹುಡುಗಿ ನೇರವಾಗಿ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಸೇರುತ್ತಾರೆ. ಮೊದಲ ವರ್ಷಗಳಲ್ಲಿ ಕೋರ್ಸ್‌ವರ್ಕ್. ವಾರಕ್ಕೆ ಒಂದು ಗಂಟೆಯ ಪಾಠ ಒಂದು ಸೆಮಿಸ್ಟರ್ ನಡೆದರೆ ಒಂದು ಕ್ರೆಡಿಟ್, ಲ್ಯಾಬ್ ಆದರೆ ಮೂರು ಗಂಟೆಗೆ ಒಂದು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದು ಒಟ್ಟು 64 ಕ್ರೆಡಿಟ್, ಪ್ರಾಜೆಕ್ಟು ಅದರೊಳಗೇ. ಮಧ್ಯೆ ಮೂರು ನಾಲ್ಕು ಲ್ಯಾಬುಗಳಲ್ಲಿ ಸುತ್ತಬೇಕು. ಇದಕ್ಕೆ ರೊಟೇಶನ್ ಎನ್ನುತ್ತಾರೆ: ಒಂದು ಕಡೆ ಇಲಿ, ಇನ್ನೊಂದು ಕಡೆ ನೊಣ, ಮತ್ತೊಂದು ಕಡೆ ಬರೀ ಕಂಪ್ಯೂಟರು. ಆಮೇಲೆ ಕಾಂಪ್ರೆಹೆನ್ಸಿವ್, ಅಂದರೆ ನಾಲ್ಕೈದು ಪ್ರೊಫೆಸರುಗಳ ಎದುರು ಬೋರ್ಡಿನ ಬಳಿ ನಿಂತು ಉತ್ತರ ಹೇಳುವ ಪರೀಕ್ಷೆ. ಇದನ್ನು ದಾಟಿದವರಿಗೆ ಪಿಎಚ್‌ಡಿಯ ದಾರಿ ತೆರೆಯುತ್ತದೆ. ಕ್ರೆಡಿಟ್, ಸರಾಸರಿ, ಪ್ರಾಜೆಕ್ಟು ಎಲ್ಲ ಸರಿಯಿದ್ದು ಇಲ್ಲಿಗೇ ಸಾಕು ಎನ್ನುವವರು ಮಾಸ್ಟರ್ಸ್ ತೆಗೆದುಕೊಂಡು ಹೊರಡಬಹುದು. ನಮ್ಮ ಕೌಂಟರಿನ ಭಾಷೆಯಲ್ಲಿ ಇದಕ್ಕೆ ಎಕ್ಸಿಟ್.

ತುಮಕೂರು ಕಡೆಯ ಒಬ್ಬ ತಂದೆ ಕೌಂಟರಿಗೆ ಬಂದಿದ್ದರು. ಕೈಯಲ್ಲಿ ಬ್ಯಾಂಕಿನ ಪಾಸ್‌ಬುಕ್ಕು ಇಡುವಂಥ ಪ್ಲಾಸ್ಟಿಕ್ ಚೀಲ.

“ಅಮ್ಮಾ, ನಮ್ ಹುಡುಗ ಮೂರು ವರ್ಷ ಓದಿದೀನಿ ಅಂತಾನೆ. ಈಗ ಬಿಟ್ಬತ್ತೀನಿ ಅಂತ ಕುಂತವ್ನೆ. ಕೈಗೇನಾರ ಕಾಗ್ದ ಕೊಡ್ತೀರೋ, ಇಲ್ಲ ಬರೀ ಕೈಲಿ ಕಳಿಸ್ತೀರೋ?”

“ಕೊಡ್ತೀವಿ ಯಜಮಾನ್ರೇ. ಕ್ರೆಡಿಟ್ ಎಲ್ಲಾ ಮುಗಿಸಿದಾನೆ, ಪ್ರಾಜೆಕ್ಟು ಪಾಸಾಗಿದೆ. ಮಾಸ್ಟರ್ಸ್ ಡಿಗ್ರಿ ಬರುತ್ತೆ.”

“ಅಷ್ಟಾದ್ರೆ ಸಾಕು ಬುಡಿ. ಊರಲ್ಲಿ ಕೇಳೋರಿಗೆ ಏನಾರ ಒಂದು ಹೇಳಬೇಕಲ್ಲ.”

ಊರಿನವರಿಗೆ ಉತ್ತರ ಕೊಡಲಿಕ್ಕಾದರೂ ಒಂದು ಕಾಗದ ಇರುವುದು ಸಣ್ಣ ವಿಷಯವಲ್ಲ. ಅಂಥ ಕಾಗದವಿಲ್ಲದ ಕಾಲ ಬೆಂಗಳೂರಿನಲ್ಲಿಯೇ ಇತ್ತು.

1909ರಲ್ಲಿ ಸ್ಥಾಪನೆಯಾಗಿ 1911ರಿಂದ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಟಾಟಾ ಇನ್‌ಸ್ಟಿಟ್ಯೂಟಿಗೆ 1958ರವರೆಗೆ ವಿಶ್ವವಿದ್ಯಾಲಯದ ಮಾನ್ಯತೆ ಇರಲಿಲ್ಲ. ತನ್ನದೇ ಅಸೋಸಿಯೇಟ್‌ಶಿಪ್ ಕೊಡುತ್ತಿತ್ತು, ಡಿಪ್ಲೊಮಾ ಕೊಡುತ್ತಿತ್ತು. ಎಂಎಸ್ಸಿ, ಪಿಎಚ್‌ಡಿ ಬೇಕಾದವರು ಇಲ್ಲಿ ಕೆಲಸ ಮಾಡಿ ಪ್ರಬಂಧವನ್ನು ಬೊಂಬಾಯಿಗೋ ಮದ್ರಾಸಿಗೋ ಕಳಿಸಬೇಕಿತ್ತು. 1933ರಲ್ಲಿ ಬಂದ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ, ಹಾಗೆಯೇ ಮಾಡಿದರು. ಹೆಣ್ಣುಮಗಳೆಂದು ಆಗಿನ ನಿರ್ದೇಶಕ ಸಿ.ವಿ. ರಾಮನ್ ಮೊದಲು ಸೇರಿಸಿಕೊಳ್ಳಲು ಒಪ್ಪಲಿಲ್ಲ, ಆಮೇಲೆ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಸೇರಿಸಿಕೊಂಡರು. ಶ್ರೀನಿವಾಸಯ್ಯನವರ ಕೈಕೆಳಗೆ ಆಹಾರದ ಪ್ರೋಟೀನುಗಳ ಮೇಲೆ ದುಡಿದು, 1936ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದ ಎಂಎಸ್ಸಿ ಪಡೆದರು. ಆ ಎಂಎಸ್ಸಿ ಕೈಯಲ್ಲಿದ್ದುದರಿಂದ ಕೇಂಬ್ರಿಜ್‌ನ ದಾರಿ ತೆರೆಯಿತು. 1939ರಲ್ಲಿ ಅಲ್ಲಿಂದ ಪಿಎಚ್‌ಡಿ.

ಭೌತವಿಜ್ಞಾನಿ ಅನ್ನಾ ಮಣಿಯವರ ಕಥೆ ಬೇರೆ. ಮದ್ರಾಸಿನಲ್ಲಿ ಬಿಎಸ್ಸಿ ಆನರ್ಸ್ ಮುಗಿಸಿ 1940ರಲ್ಲಿ ರಾಮನ್ನರ ಲ್ಯಾಬಿಗೆ ಬಂದರು. ಮೂವತ್ತಕ್ಕೂ ಹೆಚ್ಚು ವಜ್ರಗಳ ಬೆಳಕಿನ ರೋಹಿತ ತೆಗೆದರು. ಒಂದೊಂದು ಫೋಟೊ ಪ್ಲೇಟಿಗೆ ಹದಿನೈದು ಇಪ್ಪತ್ತು ಗಂಟೆ ಬೆಳಕು ಬೀಳಬೇಕಾದ್ದರಿಂದ ಲ್ಯಾಬಿನಲ್ಲೇ ರಾತ್ರಿ ಕಳೆಯುತ್ತಿದ್ದರು. 1942ರಿಂದ 1945ರೊಳಗೆ ಒಬ್ಬರದೇ ಹೆಸರಿನಲ್ಲಿ ಐದು ಲೇಖನಗಳು ಅಚ್ಚಾದವು. 1945ರ ಆಗಸ್ಟ್‌ನಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರು. ಎಂಎಸ್ಸಿ ಇಲ್ಲವೆಂಬ ಕಾರಣಕ್ಕೆ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಆ ಪ್ರಬಂಧ ಇವತ್ತಿಗೂ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ. ಅವರು ಡಿಗ್ರಿಯ ಗೋಜು ಬಿಟ್ಟು ಹವಾಮಾನ ಉಪಕರಣಗಳ ಕಡೆಗೆ ಹೋದರು, ದೇಶಕ್ಕೆ ಒಳ್ಳೆಯದೇ ಆಯಿತು. ಆದರೆ ಅಕಾಡೆಮಿಕ್ ಸೆಕ್ಷನ್ನಿನಲ್ಲಿ ಕೂತವಳಿಗೆ ಆ ಕಥೆ ಓದಿದಾಗ ಹೊಟ್ಟೆ ಉರಿಯುತ್ತದೆ. ಐದು ವರ್ಷದ ಕೆಲಸದಲ್ಲಿ ಒಂದು ಎಂಎಸ್ಸಿಗೆ ಬೇಕಾದಷ್ಟು ಸರಕು ಇರಲಿಲ್ಲವೇ? ಇತ್ತು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ನಿಯಮ ಇರಲಿಲ್ಲ. ಪಿಎಚ್‌ಡಿಯ ಹೊಟ್ಟೆಯೊಳಗೇ ಮಾಸ್ಟರ್ಸ್ ಇಟ್ಟ ವ್ಯವಸ್ಥೆಯ ಬೆಲೆ ಗೊತ್ತಾಗುವುದು ಇಂಥ ಕಡೆ.

ಈ ನಡುದಾರಿಯ ಡಿಗ್ರಿ ಹೆಚ್ಚು ಬೇಕಾದ ಮಿದುಳಿನ ವಿಷಯಕ್ಕೆ, ಅಂದರೆ ನ್ಯೂರೋಸೈನ್ಸಿಗೆ, ಬರೋಣ. 1847ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹುಚ್ಚಾಸ್ಪತ್ರೆ ಮೈಸೂರು ಸಂಸ್ಥಾನದ ಮೆಂಟಲ್ ಹಾಸ್ಪಿಟಲ್ ಆಗಿ 1930ರ ದಶಕದಲ್ಲಿ ಲಕ್ಕಸಂದ್ರದ ಹೊಸ ಕಟ್ಟಡಕ್ಕೆ ಬಂತು. ಅದರ ಪಕ್ಕದಲ್ಲೇ 1954ರ ಡಿಸೆಂಬರ್ 27ರಂದು ಕೇಂದ್ರ ಸರ್ಕಾರದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಮೊದಲ ನಿರ್ದೇಶಕರು ಡಾ. ಎಂ.ವಿ. ಗೋವಿಂದಸ್ವಾಮಿ. (ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ, ಮನೆಯಲ್ಲೇ ಆಕಾಶವಾಣಿ ಶುರು ಮಾಡಿದ ಡಾ. ಎಂ.ವಿ. ಗೋಪಾಲಸ್ವಾಮಿ ಬೇರೆ; ಇಬ್ಬರನ್ನೂ ಒಬ್ಬರೆಂದುಕೊಂಡವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.) 1955ರಲ್ಲಿ ಎರಡು ಕೋರ್ಸು ಶುರುವಾದವು: ವೈದ್ಯರಿಗೆ ಮನೋವೈದ್ಯಕೀಯದ ಡಿಪ್ಲೊಮಾ, ಮನಃಶಾಸ್ತ್ರದಲ್ಲಿ ಎಂಎ ಮಾಡಿದವರಿಗೆ ವೈದ್ಯಕೀಯ ಮನಃಶಾಸ್ತ್ರದ ಡಿಪ್ಲೊಮಾ. ಎರಡನೆಯದು ಗಮನಿಸಬೇಕಾದ್ದು. ಎಂಎ ಆದಮೇಲೆ ಎರಡು ವರ್ಷ ವಾರ್ಡಿನಲ್ಲಿ ದುಡಿದು ಪಡೆಯುವ ಕಾಗದಕ್ಕೆ ಡಿಪ್ಲೊಮಾ ಎಂದು ಹೆಸರು! ದೇಶದ ಕ್ಲಿನಿಕಲ್ ಸೈಕಾಲಜಿಯನ್ನು ಕಟ್ಟಿದ್ದು ಈ ಡಿಪ್ಲೊಮಾದವರು. 1978ರಲ್ಲಿ ಅದಕ್ಕೆ ಎಂಫಿಲ್ ಎಂಬ ಹೆಸರು ಬಂತು.

ಅದೇ 1978ರಲ್ಲಿ ಇದೇ ರಸ್ತೆಗೆ ಸಂಬಂಧಿಸಿದ ಇನ್ನೆರಡು ಸಂಗತಿಗಳಾದವು. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟರು. ಪರಂಗಿಹಣ್ಣಿನಿಂದ ಪಪೈನ್, ಮೀನಿನಿಂದ ಐಸಿಂಗ್ಲಾಸ್ ತೆಗೆಯುವ ಬಯೋಕಾನ್ ಹುಟ್ಟಿತು, ಮುಂದೆ ಹೆಬ್ಬಗೋಡಿಯಲ್ಲಿ ನೆಲೆ ಕಂಡಿತು. ಲಕ್ಕಸಂದ್ರದಲ್ಲಿ ಡಿಗ್ರಿಯ ಹೆಸರು ಬದಲಾದ ವರ್ಷವೇ ನಡುದಾರಿಯ ಡಿಗ್ರಿಯವರಿಗೆ ಮುಂದೆ ಕೆಲಸ ಕೊಡಲಿದ್ದ ಕಡೆಗಳು ಹುಟ್ಟುತ್ತಿದ್ದವು. ಇದು ಬರೀ ಕಾಕತಾಳೀಯ, ಗೊತ್ತು. ಆದರೂ ಹೇಳದೆ ಇರಲಾರೆ.

ಅದಕ್ಕೂ ಮೊದಲೇ, 1974ರಲ್ಲಿ, ಲಕ್ಕಸಂದ್ರದ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಗಿತ್ತು. ಆಗಲೂ ಡಿಗ್ರಿಯ ಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಮುದ್ರೆಯೇ ಬೀಳುತ್ತಿತ್ತು. 1994ರ ನವೆಂಬರಿನಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ ಮೇಲೆ ತನ್ನದೇ ಮುದ್ರೆ. ನ್ಯೂರೋಫಿಸಿಯಾಲಜಿ ವಿಭಾಗದಲ್ಲಿ ಟಿ. ದೇಶಿರಾಜು ಮತ್ತು ಅವರ ಶಿಷ್ಯರು ಇಲಿಗಳ ಮಿದುಳಿಗೆ ತಂತಿ ಕೂರಿಸಿ, ಇಲಿ ತಾನೇ ಲಿವರ್ ಒತ್ತಿ ಸುಖ ಪಡೆಯುವಂತೆ ಮಾಡಿ, ಹಾಗೆ ಒತ್ತಿದ ಇಲಿಗಳಲ್ಲಿ ನರಕೋಶದ ಕವಲುಗಳು ಹೆಚ್ಚುತ್ತವೆಂದು ತೋರಿಸಿದರು. ಇಂಥ ಲ್ಯಾಬಿಗೆ ಎಂಫಿಲ್ ಮಾಡಲು ಬಂದವರು ಅಲ್ಲೇ ಪಿಎಚ್‌ಡಿಗೆ ಮುಂದುವರಿಯುತ್ತಿದ್ದರು. ನಿಮ್ಹಾನ್ಸ್‌ನ ಮಟ್ಟಿಗೆ ನಡುದಾರಿಯ ಡಿಗ್ರಿ ಎಂದರೆ ಎಂಫಿಲ್ಲೇ ಆಗಿತ್ತು.

ಅದೇ ನಿಮ್ಹಾನ್ಸ್‌ಗೆ 1986ರಲ್ಲಿ ಸೇರಿದವರು ನರವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್. ಅವರ ಪಿಎಚ್‌ಡಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಮಾಡಿದ ಕೆಲಸಕ್ಕೆ. ಆದರೆ ಡಿಗ್ರಿ ಕೊಟ್ಟದ್ದು ಮೈಸೂರು ವಿಶ್ವವಿದ್ಯಾಲಯ. ಲ್ಯಾಬ್ ಒಂದು ಕಡೆ, ಮುದ್ರೆ ಇನ್ನೊಂದು ಕಡೆ. ಅವರೇ ಮುಂದೆ ಹರಿಯಾಣದ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿದರು. ಅಲ್ಲಿ ನ್ಯೂರೋಸೈನ್ಸ್ ಎಂಬ ಹೆಸರಿನಲ್ಲೇ ಎಂಎಸ್ಸಿಯೊಂದಿಗೆ ಪಿಎಚ್‌ಡಿ ಮಾಡುವ ವ್ಯವಸ್ಥೆ ಬಂತು. 2009ರಲ್ಲಿ ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ನ್ಯೂರೋಸೈನ್ಸ್ ಕೇಂದ್ರ ಶುರು ಮಾಡಿದರು.

ವಿಜ್ಞಾನ ಸಂಸ್ಥೆಯಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿ ಬಂದದ್ದು 1990ರ ದಶಕದ ಆರಂಭದಲ್ಲಿ, ಸಿ.ಎನ್.ಆರ್. ರಾವ್ ನಿರ್ದೇಶಕರಾಗಿದ್ದಾಗ. ಬಿಎಸ್ಸಿ ಮುಗಿಸಿದ ಒಳ್ಳೆಯ ಹುಡುಗರನ್ನು ಬೇರೆ ಕಡೆ ಹೋಗದಂತೆ ಹಿಡಿದಿಡುವುದು ಅದರ ಗುರಿ. ಜಿಕೆವಿಕೆ ಆವರಣದ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನದು ಇನ್ನೊಂದು ರೀತಿ. ಹಣ್ಣುನೊಣ ವಾಸನೆ ಹಿಡಿಯುವ ಬಗೆಯ ಮೇಲೆ ಅಲ್ಲಿನ ಒಬೈದ್ ಸಿದ್ದಿಕಿ, ವೆರೋನಿಕಾ ರೊಡ್ರಿಗಸ್ ಮಾಡಿದ ಕೆಲಸ ಜಗತ್ತಿಗೆ ಗೊತ್ತು. ಆದರೆ ಎನ್‌ಸಿಬಿಎಸ್‌ನ ಮಾತೃಸಂಸ್ಥೆಯಾದ ಮುಂಬೈಯ ಟಿಐಎಫ್‌ಆರ್ 2002ರಲ್ಲಿ ಡೀಮ್ಡ್ ಆಗುವವರೆಗೆ ವಿದ್ಯಾರ್ಥಿಗಳು ಮುಂಬೈ ವಿಶ್ವವಿದ್ಯಾಲಯದಲ್ಲಿ ನೋಂದಾಯಿಸಿಕೊಳ್ಳಬೇಕಿತ್ತು.

ನ್ಯೂರೋಸೈನ್ಸಿಗೆ ಈ ನಡುದಾರಿಯ ಡಿಗ್ರಿ ಬೇರೆ ವಿಷಯಗಳಿಗಿಂತ ಹೆಚ್ಚು ಬೇಕು ಎಂಬುದು ಫೈಲುಗಳನ್ನು ನೋಡಿ ನೋಡಿ ನನಗೆ ಬಂದ ಅಭಿಪ್ರಾಯ. ಕೆಮಿಸ್ಟ್ರಿಗೆ ಬರುವವರು ಬಿಎಸ್ಸಿಯಲ್ಲೂ ಕೆಮಿಸ್ಟ್ರಿ ಓದಿರುತ್ತಾರೆ. ನ್ಯೂರೋಸೈನ್ಸನ್ನು ನಮ್ಮ ಕಾಲೇಜುಗಳಲ್ಲಿ ಯಾರು ಹೇಳಿಕೊಟ್ಟರು? ಸಿಬಿಜೆಡ್ ಓದಿದ ಶಿವಮೊಗ್ಗದ ಹುಡುಗಿ, ಎಲೆಕ್ಟ್ರಾನಿಕ್ಸ್ ಬಿಇ ಮಾಡಿದ ಹುಬ್ಬಳ್ಳಿಯ ಹುಡುಗ, ಎಂಬಿಬಿಎಸ್ ಮುಗಿಸಿ ರೋಗಿಗಳ ಸಹವಾಸ ಬೇಡವೆಂದು ಬಂದವರು, ಎಲ್ಲರೂ ಒಂದೇ ಬೆಂಚಿನಲ್ಲಿ. ಹುಡುಗಿಗೆ ಸರ್ಕ್ಯೂಟಿನ ಸಮೀಕರಣ ಬಾರದು, ಹುಡುಗನಿಗೆ ಸಿನಾಪ್ಸ್ ಎಂದರೆ ಏನೆಂದು ತಿಳಿಯದು, ವೈದ್ಯರಿಗೆ ಎರಡೂ ಅಷ್ಟಕ್ಕಷ್ಟೆ. ಕೋರ್ಸ್‌ವರ್ಕಿನ ಎರಡು ವರ್ಷ ಇವರನ್ನು ಒಂದು ಹದಕ್ಕೆ ತರುತ್ತದೆ. ಅಲ್ಲಿ ಕಲಿತದ್ದು ಪಿಎಚ್‌ಡಿಯ ಪೂರ್ವಸಿದ್ಧತೆಯಷ್ಟೇ ಆಗಿ ಉಳಿಯುವುದಿಲ್ಲ, ಅದೇ ಒಂದು ಪೂರ್ತಿ ಶಿಕ್ಷಣ.

ಈ ವಿಷಯದಲ್ಲಿ ನಡುವೆ ಬಿಡುವವರೂ ಇದ್ದೇ ಇರುತ್ತಾರೆ, ಅದಕ್ಕೆ ಕಾರಣಗಳು ಲ್ಯಾಬಿನ ಒಳಗೇ ಇವೆ. ಪ್ರಾಣಿಯ ಮೇಲಿನ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅರ್ಜಿಯಲ್ಲಿ ಎಷ್ಟು ಇಲಿ, ಯಾಕೆ ಅಷ್ಟೇ ಇಲಿ ಎಂದು ಬರೆಯಬೇಕು. ಸಮಿತಿ ಸೇರುವ ದಿನಕ್ಕೆ ಕಾಯಬೇಕು. ಬೇಕಾದ ತಳಿಯ ಇಲಿ ಮರಿ ಹಾಕುವವರೆಗೆ ಕಾಯಬೇಕು. ಕೋತಿಗೆ ಪರದೆಯ ಮೇಲಿನ ಚುಕ್ಕಿಯನ್ನು ಕದಲದೆ ನೋಡಲು ಕಲಿಸುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ, ಪ್ರಯೋಗ ಆಮೇಲಿನದು. ಇತ್ತ ಫೆಲೋಶಿಪ್ಪಿನ ದುಡ್ಡು. 2023ರಲ್ಲಿ ಜೆಆರ್‌ಎಫ್ ತಿಂಗಳಿಗೆ 31,000ದಿಂದ 37,000 ರೂಪಾಯಿ ಆಯಿತು, ಅದೂ ಸಂಶೋಧಕರು ಬೀದಿಗಿಳಿದು ಕೇಳಿದ ಮೇಲೆ. ಜೊತೆಗೆ ಓದಿದವರು ವೈಟ್‌ಫೀಲ್ಡಿನಲ್ಲಿ ಫ್ಲ್ಯಾಟಿನ ಕಂತು ಕಟ್ಟುತ್ತಿರುವಾಗ ಹಾಸ್ಟೆಲಿನ ಮೆಸ್ ಬಿಲ್ಲಿಗೆ ಲೆಕ್ಕ ಹಾಕುವುದು ಎಲ್ಲರಿಂದಲೂ ಆಗುವುದಿಲ್ಲ. ಬಿಟ್ಟವರನ್ನು ಸೋತವರೆಂದು ಕರೆಯುವ ಪ್ರೊಫೆಸರುಗಳನ್ನು ನಾನು ಕಂಡಿದ್ದೇನೆ. ಅವರಿಗೆ ನನ್ನದೊಂದೇ ಉತ್ತರ: ಫೈಲಿನಲ್ಲಿ ಅಂಥ ಕಾಲಂ ಇಲ್ಲ.

ಹಾಗೆ ಬಿಟ್ಟವರು ಎಲ್ಲಿಗೆ ಹೋಗುತ್ತಾರೆಂದು ನಾನು ಹೆಬ್ಬಗೋಡಿಗೆ ಬಂದ ಮೇಲೆ ಇನ್ನೂ ಚೆನ್ನಾಗಿ ಗೊತ್ತಾಯಿತು. ಬೊಮ್ಮಸಂದ್ರ, ಜಿಗಣಿಯ ಔಷಧ ಸಂಶೋಧನೆಯ ಕಂಪನಿಗಳಲ್ಲಿ ಇದ್ದಾರೆ. ವೈಟ್‌ಫೀಲ್ಡಿನಲ್ಲಿ ಎಂಆರ್‌ಐ ಯಂತ್ರಗಳ ಸಾಫ್ಟ್‌ವೇರ್ ಬರೆಯುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕ್ಲಿನಿಕಲ್ ಟ್ರಯಲ್ಲಿನ ದತ್ತಾಂಶ ನೋಡುತ್ತಾರೆ. ಬಯೋಕಾನ್ ಹೆಬ್ಬಗೋಡಿ ಎಂಬ ಹೆಸರಿನ ಮೆಟ್ರೊ ಸ್ಟೇಷನ್ನೇ ಈಗ ಇದೆ, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ಅಲ್ಲಿ ಒಂದೆರಡು ಹಳೆಯ ಮುಖಗಳು “ಮೇಡಂ, ನೀವಿಲ್ಲಿ?” ಎಂದು ನಿಲ್ಲಿಸಿ ಮಾತಾಡಿಸಿವೆ.

ಈ ಊರುಗಳಿಗೂ ಡಿಗ್ರಿಯ ಅಧಿಕಾರಕ್ಕೂ ಇರುವ ನಂಟು ಲಕ್ಕಸಂದ್ರದ ಕಥೆಯನ್ನೇ ಮತ್ತೊಮ್ಮೆ ನಡೆಸಿದಂತಿದೆ. ಐಐಐಟಿ ಬೆಂಗಳೂರು 1999ರಲ್ಲಿ ವೈಟ್‌ಫೀಲ್ಡಿನ ಐಟಿಪಿಎಲ್ ಕಟ್ಟಡದಲ್ಲಿ ಪಾಠ ಶುರು ಮಾಡಿತು. ಎಸ್. ಸಡಗೋಪನ್ ನಿರ್ದೇಶಕರು, ಕೊಡುತ್ತಿದ್ದದ್ದು ಪಿಜಿ ಡಿಪ್ಲೊಮಾ. 2003ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬಂತು. ಡೀಮ್ಡ್ ಆದದ್ದು 2005ರಲ್ಲಿ. 2001ರ ಐಬ್ಯಾಬ್ ಕೂಡ ಐಟಿಪಿಎಲ್‌ನಲ್ಲೇ ಕಣ್ಣುಬಿಟ್ಟು, ಬಯೋಇನ್ಫರ್ಮ್ಯಾಟಿಕ್ಸ್ ಡಿಪ್ಲೊಮಾ ಕೊಟ್ಟು, ಆಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಬಂದದ್ದು. ಅಲ್ಲಿ ಸಂಶೋಧನೆ ಮಾಡುವವರ ಪಿಎಚ್‌ಡಿಗೆ ಬೇರೆ ವಿಶ್ವವಿದ್ಯಾಲಯದ ಮುದ್ರೆ. ಪೀಣ್ಯದ ಕಾರ್ಖಾನೆಗಳ ಕಡೆ ಈ ತಲೆನೋವೇ ಇರಲಿಲ್ಲ. ತಾಂತ್ರಿಕ ತರಬೇತಿ ಕೊಡುವ ಎನ್‌ಟಿಟಿಎಫ್‌ನಲ್ಲಿ ಕಲಿತು ಬಂದವನು ಎಂದರೆ ಸಾಕು, ಯಾವ ವಿಶ್ವವಿದ್ಯಾಲಯ ಎಂದು ಶಾಪ್ ಫ್ಲೋರಿನಲ್ಲಿ ಯಾರೂ ಕೇಳುತ್ತಿರಲಿಲ್ಲ.

ಕಂಪನಿಗಳ ಎಚ್‌ಆರ್ ಮಾತ್ರ ಕೇಳುತ್ತದೆ. ನನ್ನ ಕೊನೆಯ ವರ್ಷಗಳಲ್ಲಿ ಬಂದ ಮೇಲ್‌ಗಳಲ್ಲಿ ಬಹುಪಾಲು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ನಿನವು. “ಇವರು ಪಿಎಚ್‌ಡಿಗೆ ಸೇರಿದ್ದಾರೆ, ಮಾಸ್ಟರ್ಸ್ ಪಡೆದಿದ್ದಾರೆ, ಮಾಸ್ಟರ್ಸಿಗೆ ಅಡ್ಮಿಶನ್ ಆದ ದಾಖಲೆ ಎಲ್ಲಿ?” ಎಂದು ಪ್ರಶ್ನೆ. ಫಾರ್ಮಿನಲ್ಲಿ ಸೇರಿದ ಕೋರ್ಸು, ಪಡೆದ ಡಿಗ್ರಿ ಎರಡಕ್ಕೂ ಒಂದೇ ಚೌಕ. ನಿಯಮದ ಪ್ರತಿ ಲಗತ್ತಿಸಿ ಉತ್ತರ ಬರೆದರೆ ಮರುದಿನ ಬೇರೊಬ್ಬ ಹುಡುಗನಿಂದ ಅದೇ ಪ್ರಶ್ನೆ. ಕೊನೆಗೆ ನಾನೇ ಒಂದು ಪುಟದ ಪತ್ರ ತಯಾರಿಸಿ, ರಿಜಿಸ್ಟ್ರಾರರ ಸಹಿ ಮಾಡಿಸಿ ಇಟ್ಟುಕೊಂಡೆ. ನನ್ನ ನಿವೃತ್ತಿಯ ನಂತರವೂ ಅದೇ ಪತ್ರ ಹೋಗುತ್ತಿದೆಯಂತೆ.

ಈಗ ನಿಯಮಗಳೇ ಬದಲಾಗಿವೆ. 2022ರ ನವೆಂಬರಿನ ಯುಜಿಸಿ ನಿಯಮಾವಳಿ ಎಂಫಿಲ್ಲನ್ನು ನಿಲ್ಲಿಸಿತು. ಕ್ಲಿನಿಕಲ್ ಸೈಕಾಲಜಿ, ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ನಂಥವಕ್ಕೆ 2025–26ರವರೆಗೆ ಅವಧಿ ವಿಸ್ತರಿಸಿದರು. 1955ರ ಡಿಪ್ಲೊಮಾದ ವಂಶ ಅಲ್ಲಿಗೆ ಆ ಹೆಸರಿನಲ್ಲಿ ಮುಗಿಯಿತು. ನಾಲ್ಕು ವರ್ಷದ ಬಿಎಸ್ಸಿಯಲ್ಲಿ 75 ಪರ್ಸೆಂಟ್ ಬಂದರೆ ಮಾಸ್ಟರ್ಸ್ ಇಲ್ಲದೆಯೇ ಪಿಎಚ್‌ಡಿಗೆ ಸೇರಬಹುದು, ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್ ಸಾಕು. 1945ರಲ್ಲಿ ಮದ್ರಾಸಿನಲ್ಲಿ ಮುಚ್ಚಿದ ಬಾಗಿಲು ಹೀಗೆ ತೆರೆಯಿತು, ಸಂತೋಷ. ಆದರೆ ನನಗೊಂದು ಅನುಮಾನವಿದೆ. 64 ಕ್ರೆಡಿಟ್ ಮಾಡಿದವನು ಬಿಟ್ಟರೆ ಕೈಯಲ್ಲಿ ಡಿಗ್ರಿ. 12 ಕ್ರೆಡಿಟ್ ಮಾಡಿ ಮೂರು ವರ್ಷ ಇಲಿ ಸಾಕಿ ಬಿಟ್ಟವನ ಕೈಯಲ್ಲಿ ಏನಿರುತ್ತದೆ? ಪ್ರವೇಶಕ್ಕೆ ಮಾಸ್ಟರ್ಸ್ ಬೇಡವೆಂದವರು ನಿರ್ಗಮನಕ್ಕೆ ಮಾಸ್ಟರ್ಸ್ ಕೊಡುವ ನಿಯಮವನ್ನೂ ಅಷ್ಟೇ ಗಟ್ಟಿಯಾಗಿ ಬರೆಯಬೇಕಿತ್ತು.

ಸೇರುವ ಮಕ್ಕಳು ಈಗಲೂ ಯಾರ ಯಾರದೋ ಮೂಲಕ ನನ್ನ ನಂಬರು ಹಿಡಿದು ಕೇಳುತ್ತಾರೆ. ಸೇರುವ ದಿನವೇ ಎಕ್ಸಿಟ್ ನಿಯಮ ಯಾವ ಪುಟದಲ್ಲಿದೆ ಎಂದು ಹ್ಯಾಂಡ್‌ಬುಕ್ಕಿನಲ್ಲಿ ಹುಡುಕಿ ಎನ್ನುತ್ತೇನೆ. ಪ್ರಾಜೆಕ್ಟ್ ವರದಿಗೆ ಗೈಡ್ ಸಹಿ ಹಾಕಿದ ಪ್ರತಿ ನಿಮ್ಮ ಹತ್ತಿರವೂ ಒಂದಿರಲಿ. ಬಿಡುವುದಾದರೆ ಸೆಮಿಸ್ಟರ್ ಮುಗಿಸಿಯೇ ಬಿಡಿ, ನಡುವೆ ಬೇಡ. ಟ್ರಾನ್ಸ್‌ಕ್ರಿಪ್ಟಿನಲ್ಲಿ ನ್ಯೂರೋಸೈನ್ಸಿನ ಕೋರ್ಸುಗಳ ಹೆಸರು ಪೂರ್ತಿ ಬಂದಿದೆಯೇ ನೋಡಿಕೊಳ್ಳಿ. ಡಿಗ್ರಿಯ ಮೇಲೆ ಎಷ್ಟೋ ಕಡೆ ಬಯಲಾಜಿಕಲ್ ಸೈನ್ಸಸ್ ಎಂದಷ್ಟೇ ಅಚ್ಚಾಗಿರುತ್ತದೆ, ಬೊಮ್ಮಸಂದ್ರದ ಇಂಟರ್‌ವ್ಯೂನಲ್ಲಿ ಕೇಳುವುದು ಟ್ರಾನ್ಸ್‌ಕ್ರಿಪ್ಟನ್ನೇ.